ಕುಡಿತ ಮತ್ತು ಖಿನ್ನತೆ: ಜೋಡಿ ರೋಗಕ್ಕೆ ಜೋಡಿ ಚಿಕಿತ್ಸೆ

ಕುಡಿತದ ಚಟಕ್ಕೆ ಬಿದ್ದವರನ್ನು ಮನೆಯವರು ದವಾಖಾನೆಗೆ ಕರೆತಂದಾಗ ವೈದ್ಯರ ಮೇಜಿನ ಮುಂದೆ ಸಾಮಾನ್ಯವಾಗಿ ಒಂದು ವಾದ ನಡೆಯುತ್ತದೆ. "ಕುಡಿಯೂದ ಒಂದ ಬಿಟ್ರ ಸಾಕ್ರಿ, ಉಳದದ್ದೆಲ್ಲಾ ತಾನ ನೆಟ್ಟಗಾಗತೈತಿ" ಎಂದು ಹೆಂಡತಿಯೋ ತಾಯಿಯೋ ಹೇಳುತ್ತಾರೆ. "ಮನಸಿಗೆ ಸಮಾಧಾನ ಇದ್ರ ನಾ ಯಾಕ ಕುಡೀತಿದ್ನಿರಿ ಸಾಹೇಬ್ರ?" ಎಂದು ಕುಡಿಯುವವನು ಕೇಳುತ್ತಾನೆ. ಇಬ್ಬರ ಮಾತಿನಲ್ಲೂ ಅರ್ಧ ಸತ್ಯವಿದೆ. ಆದರೆ ಒಂದು ಅರ್ಧವನ್ನಷ್ಟೇ ಹಿಡಿದು ಚಿಕಿತ್ಸೆ ಮಾಡಿದರೆ ಉಳಿದ ಅರ್ಧ ಮತ್ತೆ ರೋಗವನ್ನು ಎಳೆದು ತರುತ್ತದೆ.

ಮದ್ಯವ್ಯಸನ ಒಂದು ಕಾಯಿಲೆ. ಖಿನ್ನತೆ, ಆತಂಕ ಇವೂ ಕಾಯಿಲೆಗಳೇ. ಅನೇಕರಲ್ಲಿ ಇವೆರಡೂ ಹಾಸುಹೊಕ್ಕಾಗಿ ಹೆಣೆದುಕೊಂಡಿರುತ್ತವೆ. ಇಂಥವರಿಗೆ ಎರಡಕ್ಕೂ ಒಟ್ಟಿಗೆ ಚಿಕಿತ್ಸೆ ಬೇಕು. ಮಾತ್ರೆಗಳ ಜತೆಗೆ ಯೋಚನೆಯ ರೀತಿಯನ್ನೂ ನಡವಳಿಕೆಯನ್ನೂ ತಿದ್ದಿಕೊಳ್ಳಲು ಕಲಿಸುವ ಒಂದು ಮನೋಚಿಕಿತ್ಸೆ ಇದೆ. ಅದಕ್ಕೆ ಕಾಗ್ನಿಟಿವ್ ಬಿಹೇವಿಯರಲ್ ಥೆರಪಿ, ಚಿಕ್ಕದಾಗಿ ಸಿ.ಬಿ.ಟಿ. ಎನ್ನುತ್ತಾರೆ. ಕನ್ನಡದಲ್ಲಿ ಅರಿವು-ವರ್ತನಾ ಚಿಕಿತ್ಸೆ ಎನ್ನಬಹುದು. ಈ ವಾರ ಅದರ ಬಗ್ಗೆ ತಿಳಿದುಕೊಳ್ಳೋಣ.

ಬೀಜ ಮೊದಲೋ, ಮರ ಮೊದಲೋ?

ಮದ್ಯ ಮಿದುಳನ್ನು ಮಂಕು ಮಾಡುವ ವಸ್ತು. ಕುಡಿದ ಮೊದಲ ಒಂದೆರಡು ಗಂಟೆ ಎದೆಯ ಭಾರ ಇಳಿದಂತೆ, ಚಿಂತೆ ದೂರ ಸರಿದಂತೆ ಅನ್ನಿಸುತ್ತದೆ. ನಿದ್ದೆಯೂ ಬೇಗ ಹತ್ತುತ್ತದೆ. ಆದರೆ ಅಮಲು ಇಳಿಯುತ್ತಿದ್ದಂತೆ ಮಿದುಳು ಎದುರು ದಿಕ್ಕಿಗೆ ತಿರುಗುತ್ತದೆ. ಮಧ್ಯರಾತ್ರಿಯ ನಂತರ ನಿದ್ದೆ ಹರಿಯುತ್ತದೆ. ಬೆಳಿಗ್ಗೆ ಎದೆ ಡವಗುಟ್ಟುತ್ತದೆ, ಕೈ ನಡುಗುತ್ತದೆ, ಯಾವುದೂ ಬೇಡವೆನ್ನಿಸುತ್ತದೆ. ಆ ಸಂಕಟ ತಾಳಲಾರದೆ ಮತ್ತೆ ಕುಡಿಯುತ್ತಾರೆ. ಹೀಗೆ ನಿನ್ನೆಯ ಔಷಧಿಯೇ ಇಂದಿನ ರೋಗವಾಗುತ್ತದೆ.

ಕೆಲವರಲ್ಲಿ ಖಿನ್ನತೆ ಮೊದಲು ಬಂದು, ಅದನ್ನು ಮರೆಯಲು ಕುಡಿತ ಶುರುವಾಗಿರುತ್ತದೆ. ನಾಲ್ಕು ಜನರ ಮುಂದೆ ಮಾತನಾಡಲು ಅಂಜುವವರು ಧೈರ್ಯಕ್ಕೆಂದು ಕುಡಿಯಲು ಕಲಿತಿರುತ್ತಾರೆ. ಇನ್ನು ಕೆಲವರಲ್ಲಿ ಕುಡಿತ ಮೊದಲು ಬಂದು, ಸಾಲ, ಜಗಳ, ಮಾನಹಾನಿ ಎಲ್ಲ ಸೇರಿ ಮನಸ್ಸು ಕುಗ್ಗಿರುತ್ತದೆ. ಹತ್ತು ವರ್ಷ ಕಳೆದ ಮೇಲೆ ಯಾವುದು ಬೀಜ, ಯಾವುದು ಮರ ಎಂದು ಗುರುತಿಸುವುದೇ ಕಷ್ಟ. ಚಿಕಿತ್ಸೆ ಆರಂಭಿಸಲು ಅದನ್ನು ಮೊದಲು ತೀರ್ಮಾನಿಸಲೇಬೇಕೆಂದೂ ಇಲ್ಲ.

ಒಂದು ವಿಷಯ ಮಾತ್ರ ನೆನಪಿಡಿ. ಕುಡಿತದಿಂದಲೇ ಉಂಟಾದ ಖಿನ್ನತೆ, ಕುಡಿತ ಪೂರ್ತಿ ನಿಂತ ಎರಡರಿಂದ ನಾಲ್ಕು ವಾರಗಳಲ್ಲಿ ಬಹಳಷ್ಟು ಮಟ್ಟಿಗೆ ತಿಳಿಯಾಗುತ್ತದೆ. ಆಗಲೂ ತಿಳಿಯಾಗದಿದ್ದರೆ, ಅಥವಾ ಕುಡಿತ ಶುರುವಾಗುವ ಮುಂಚೆಯೇ ಖಿನ್ನತೆ ಇತ್ತೆಂದಾದರೆ, ಅದಕ್ಕೆ ಪ್ರತ್ಯೇಕ ಚಿಕಿತ್ಸೆ ಬೇಕು. ಸಾಯುವ ಮಾತು ಬಂದರಂತೂ ಒಂದು ದಿನವೂ ಕಾಯಬಾರದು.

ಸಮಸ್ಯೆ ಎಷ್ಟು ದೊಡ್ಡದು?

ದೆಹಲಿಯ ಏಮ್ಸ್ ಸಂಸ್ಥೆ ಕೇಂದ್ರ ಸರ್ಕಾರಕ್ಕಾಗಿ ನಡೆಸಿದ ಸಮೀಕ್ಷೆಯ ವರದಿ 2019ರಲ್ಲಿ ಪ್ರಕಟವಾಯಿತು. ಅದರಂತೆ ದೇಶದಲ್ಲಿ 10ರಿಂದ 75 ವರ್ಷ ವಯಸ್ಸಿನ ಸುಮಾರು 16 ಕೋಟಿ ಜನ ಮದ್ಯ ಸೇವಿಸುತ್ತಾರೆ. ಅವರಲ್ಲಿ 5.7 ಕೋಟಿಗೂ ಹೆಚ್ಚು ಜನರಿಗೆ ಅದರಿಂದ ಬಿಡಿಸಿಕೊಳ್ಳಲು ನೆರವು ಬೇಕಾಗಿದೆ. ಮದ್ಯಕ್ಕೆ ದಾಸರಾದ 38 ಜನರಲ್ಲಿ ಒಬ್ಬರಿಗೆ ಮಾತ್ರ ಏನಾದರೊಂದು ಚಿಕಿತ್ಸೆ ಸಿಕ್ಕಿತ್ತು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 12 ರಾಜ್ಯಗಳಲ್ಲಿ ನಡೆಸಿದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ, ಖಿನ್ನತೆ, ಆತಂಕದಂತಹ ಸಾಮಾನ್ಯ ಮಾನಸಿಕ ಕಾಯಿಲೆ ಇದ್ದವರಲ್ಲಿ ಸುಮಾರು ಶೇ 85ರಷ್ಟು ಜನ ಚಿಕಿತ್ಸೆಯಿಂದ ಹೊರಗೇ ಉಳಿದಿದ್ದರು. ಎರಡೂ ಕಾಯಿಲೆ ಒಟ್ಟಿಗೆ ಇದ್ದವರ ಪಾಡನ್ನು ಓದುಗರೇ ಊಹಿಸಬಹುದು.

ನೀವೇ ಪರೀಕ್ಷಿಸಿಕೊಳ್ಳಿ

ಕುಡಿತದ ಬಗ್ಗೆ ನಾಲ್ಕು ಪ್ರಶ್ನೆಗಳು:

1. ಕುಡಿತ ಕಡಿಮೆ ಮಾಡಬೇಕೆಂದು ನಿಮಗೆ ಎಂದಾದರೂ ಅನ್ನಿಸಿದೆಯೇ?
2. ನಿಮ್ಮ ಕುಡಿತದ ಬಗ್ಗೆ ಯಾರಾದರೂ ಆಡಿಕೊಂಡಾಗ ಸಿಟ್ಟು ಬಂದಿದೆಯೇ?
3. ಕುಡಿದದ್ದಕ್ಕೆ ತಪ್ಪು ಮಾಡಿದೆನೆಂಬ ಅಳುಕು ಕಾಡಿದೆಯೇ?
4. ಬೆಳಿಗ್ಗೆ ಎದ್ದ ಕೂಡಲೇ ನಡುಕ ನಿಲ್ಲಿಸಲೆಂದೋ ಮೈ ಹಗುರಾಗಲೆಂದೋ ಕುಡಿದದ್ದಿದೆಯೇ?

ಎರಡು ಅಥವಾ ಹೆಚ್ಚು ಪ್ರಶ್ನೆಗಳಿಗೆ ಉತ್ತರ "ಹೌದು" ಎಂದಾದರೆ ವೈದ್ಯರನ್ನು ಕಾಣಬೇಕು.

ಮನಸ್ಸಿನ ಬಗ್ಗೆ ಎರಡು ಪ್ರಶ್ನೆಗಳು:

1. ಕಳೆದ ಎರಡು ವಾರಗಳಲ್ಲಿ ಬಹುಪಾಲು ದಿನ ಮನಸ್ಸು ಕುಗ್ಗಿ, ದಿಕ್ಕು ತೋಚದಂತೆ ಇತ್ತೇ?
2. ಮೊದಲು ಖುಷಿ ಕೊಡುತ್ತಿದ್ದ ಕೆಲಸಗಳಲ್ಲಿ ಆಸಕ್ತಿ ಹೋಗಿದೆಯೇ?

ಒಂದಕ್ಕೆ "ಹೌದು" ಎಂದರೂ ಅದನ್ನು ವೈದ್ಯರಿಗೆ ಹೇಳಿ. ಕುಡಿತಕ್ಕೆಂದು ಬಂದವರು ಮನಸ್ಸಿನ ಮಾತು ಹೇಳುವುದಿಲ್ಲ. ನಿದ್ದೆ ಇಲ್ಲವೆಂದು ಬಂದವರು ಕುಡಿತದ ಮಾತು ಹೇಳುವುದಿಲ್ಲ. ಎರಡನ್ನೂ ಹೇಳಿದರೆ ಚಿಕಿತ್ಸೆ ಅರ್ಧ ಸುಲಭವಾಗುತ್ತದೆ.

ದಿಢೀರನೆ ನಿಲ್ಲಿಸುವುದು ಅಪಾಯ

ಪ್ರತಿದಿನ ಹೆಚ್ಚು ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಮೊದಲ ದಿನವೇ ಕೈನಡುಕ, ಬೆವರು, ವಾಂತಿ, ನಿದ್ರಾಹೀನತೆ ಕಾಣಿಸಿಕೊಳ್ಳಬಹುದು. ಮೊದಲ ಎರಡು ದಿನಗಳಲ್ಲಿ ಕೆಲವರಿಗೆ ಫಿಟ್ಸ್ ಬರುತ್ತದೆ. ಎರಡರಿಂದ ನಾಲ್ಕನೆಯ ದಿನದೊಳಗೆ ಕೆಲವರು ದಿಕ್ಕುತಪ್ಪಿ ಬಡಬಡಿಸುತ್ತಾರೆ, ಇಲ್ಲದ್ದು ಕಂಡಂತೆ ಹೆದರುತ್ತಾರೆ, ಜ್ವರ ಏರುತ್ತದೆ. ಇದಕ್ಕೆ ಗಾಳಿ ಸೋಕಿದೆ ಎಂದು ಅಂತ್ರ ಕಟ್ಟಿಸುತ್ತ ಕುಳಿತರೆ ಪ್ರಾಣಕ್ಕೇ ಕುತ್ತು. ಕೂಡಲೇ ಆಸ್ಪತ್ರೆಗೆ ಒಯ್ಯಬೇಕು.

2020ರ ಕೊರೊನಾ ಲಾಕ್‌ಡೌನ್ ನಮಗೆ ಈ ಪಾಠವನ್ನು ಕಲಿಸಿತು. ಮಾರ್ಚ್ ಕೊನೆಯ ವಾರ ಮದ್ಯದ ಅಂಗಡಿಗಳು ಒಮ್ಮೆಲೇ ಮುಚ್ಚಿದವು. ಆ ದಿನಗಳಲ್ಲಿ ಬೆಂಗಳೂರಿನ ಆಸ್ಪತ್ರೆಗಳಿಗೆ ಫಿಟ್ಸ್, ಸನ್ನಿಯಂತಹ ತೀವ್ರ ಲಕ್ಷಣಗಳೊಂದಿಗೆ ಬಂದ ಮದ್ಯವ್ಯಸನಿಗಳ ಸಂಖ್ಯೆ ಏರಿದ್ದನ್ನು ವೈದ್ಯರು ದಾಖಲಿಸಿದ್ದಾರೆ. ಮೇ 4ರಂದು ರಾಜ್ಯದಲ್ಲಿ ಅಂಗಡಿಗಳು ತೆರೆದಾಗ ಜನ ಉದ್ದುದ್ದ ಸಾಲಿನಲ್ಲಿ ನಿಂತದ್ದನ್ನೂ ಕಂಡಿದ್ದೇವೆ. ಅದಕ್ಕೂ ಮೊದಲು, 2007ರ ಜುಲೈಯಿಂದ, ಕರ್ನಾಟಕದಲ್ಲಿ ಸಾರಾಯಿ ನಿಷೇಧವಾಯಿತು. ಸಾರಾಯಿ ಪಾಕೀಟು ಹೋಯಿತು, ಕುಡಿತ ಉಳಿಯಿತು. ಅಂಗಡಿ ಮುಚ್ಚಿದರೆ ಮದ್ಯ ಸಿಗುವುದಿಲ್ಲ, ನಿಜ. ಆದರೆ ಮದ್ಯವಿಲ್ಲದೆ ಸಂಜೆಯನ್ನು ಕಳೆಯುವುದು ಹೇಗೆಂಬುದನ್ನು ಮುಚ್ಚಿದ ಅಂಗಡಿ ಕಲಿಸುವುದಿಲ್ಲ.

ಆದ್ದರಿಂದ ಚಿಕಿತ್ಸೆಯ ಮೊದಲ ಹೆಜ್ಜೆ ವೈದ್ಯರ ನಿಗಾದಲ್ಲಿ ಕುಡಿತ ನಿಲ್ಲಿಸುವುದು. ಇದಕ್ಕೆ ಸಾಮಾನ್ಯವಾಗಿ ಐದರಿಂದ ಹತ್ತು ದಿನ ಬೇಕು. "ಒಂದ ಸಲಾಯಿನ್ ಹಚ್ಚಿ ಕಳಸ್ರಿ" ಎಂದು ಕೇಳುವವರು ಬಹಳ. ಬರೀ ಸಲಾಯಿನ್‌ನಿಂದ ಚಟ ಬಿಡುವುದಿಲ್ಲ. ಸರಿಯಾಗಿ ಊಟ ಮಾಡದೆ ಕುಡಿಯುವವರಿಗೆ ಥಯಾಮಿನ್ ಎಂಬ ಬಿ1 ಜೀವಸತ್ವ ಕೊಡದೆ ಗ್ಲೂಕೋಸ್ ಏರಿಸಿದರೆ ಮಿದುಳಿಗೆ ಹಾನಿಯಾಗಲೂಬಹುದು.

ಆಣೆ, ಮಾಲೆ, ಪುಡಿ

ನಮ್ಮ ಭಾಗದಲ್ಲಿ ಕುಡಿತ ಬಿಡಿಸಲು ಆಣೆ ಮಾಡಿಸುತ್ತಾರೆ, ಪಂಢರಪುರದ ತುಳಸಿ ಮಾಲೆ ಹಾಕಿಸುತ್ತಾರೆ. ಇದರಿಂದ ಕುಡಿತ ಬಿಟ್ಟು ನೆಮ್ಮದಿಯಾಗಿ ಇರುವವರೂ ಇದ್ದಾರೆ. ನಂಬಿಕೆ, ಹೊಸ ಸಂಗಾತಿಗಳು, ಭಜನೆ ಇವು ದೊಡ್ಡ ಬಲ. ಅದನ್ನು ಹಗುರಾಗಿ ಕಾಣಬೇಕಿಲ್ಲ. ತೊಂದರೆ ಇರುವುದು ಆಣೆ ಮುರಿದ ಮರುದಿನ. "ದೇವರ ಮುಂದ ಕೊಟ್ಟ ಮಾತ ಉಳಸಿಕೊಳ್ಳಲಿಲ್ಲ, ಇನ್ನೇನ ಉಳಿತು?" ಎಂಬ ಅಪರಾಧ ಭಾವದಲ್ಲಿ ಮೊದಲಿಗಿಂತ ಹೆಚ್ಚು ಕುಡಿಯುತ್ತಾರೆ. ಮೊದಲೇ ಖಿನ್ನತೆ ಇದ್ದವರಿಗೆ ಈ ಭಾವ ಇನ್ನೂ ಅಪಾಯಕಾರಿ. ಮಾಲೆ ಹಾಕಿಸಿ, ಬೇಡವೆನ್ನುವುದಿಲ್ಲ. ಅದರ ಜತೆಗೆ ಚಿಕಿತ್ಸೆಯನ್ನೂ ಕೊಡಿಸಿ.

ಗುಟ್ಟಾಗಿ ಸಾರಿನಲ್ಲೋ ಚಹದಲ್ಲೋ ಬೆರೆಸುವ ಪುಡಿಗಳನ್ನು ಮಾತ್ರ ಖಂಡಿತ ಕೊಡಬೇಡಿ. ಅವುಗಳಲ್ಲಿ ಡೈಸಲ್ಫಿರಾಂ ಎಂಬ ಔಷಧ ಇರಬಹುದು, ಅದನ್ನು ತಿಂದವರು ತಿಳಿಯದೆ ಕುಡಿದರೆ ಮುಖ ಕೆಂಪೇರಿ, ವಾಂತಿಯಾಗಿ, ರಕ್ತದೊತ್ತಡ ಕುಸಿದು ಸಾವೂ ಸಂಭವಿಸಬಹುದು. ಈ ಮಾತ್ರೆಯನ್ನು ರೋಗಿಗೆ ತಿಳಿಸಿ, ಒಪ್ಪಿಗೆ ಪಡೆದು, ವೈದ್ಯರು ಮಾತ್ರ ಕೊಡಬೇಕು. ಕುಡಿಯುವ ಆಸೆಯನ್ನು ಕಡಿಮೆ ಮಾಡುವ ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್‌ನಂತಹ ಮಾತ್ರೆಗಳೂ ಇವೆ. ಅವನ್ನೂ ವೈದ್ಯರ ಸಲಹೆಯಂತೆಯೇ ನುಂಗಬೇಕು.

ಏನಿದು ಸಿ.ಬಿ.ಟಿ.?

ಅಮೆರಿಕದ ಫಿಲಡೆಲ್ಫಿಯಾದ ಮನೋವೈದ್ಯ ಆರನ್ ಬೆಕ್ 1960ರ ದಶಕದಲ್ಲಿ ಖಿನ್ನತೆಯ ರೋಗಿಗಳನ್ನು ಪರೀಕ್ಷಿಸುವಾಗ ಒಂದು ಸಂಗತಿ ಗಮನಿಸಿದರು. ರೋಗಿಯ ಮನಸ್ಸಿನಲ್ಲಿ ಕೆಲವು ಮಾತುಗಳು ತಾವಾಗಿಯೇ, ಮಿಂಚಿನಂತೆ ಹಾದುಹೋಗುತ್ತವೆ. "ನಾನು ಕೆಲಸಕ್ಕೆ ಬಾರದವನು", "ಇದು ಎಂದೂ ಸರಿಹೋಗುವುದಿಲ್ಲ" ಎಂಬಂಥ ಮಾತುಗಳು. ರೋಗಿ ಅವನ್ನು ಪರೀಕ್ಷಿಸದೆ ನಂಬುತ್ತಾನೆ. ನಂಬಿದಂತೆ ಮನಸ್ಸು ಕುಗ್ಗುತ್ತದೆ, ಕುಗ್ಗಿದಂತೆ ನಡವಳಿಕೆ ಕೆಡುತ್ತದೆ. ಆ ಮಾತುಗಳನ್ನು ಹಿಡಿದು, ನಿಜವೋ ಸುಳ್ಳೋ ಎಂದು ಒರೆಗೆ ಹಚ್ಚುವುದನ್ನು ಕಲಿಸಿದರೆ ಮನಸ್ಸೂ ನಡವಳಿಕೆಯೂ ಸುಧಾರಿಸುತ್ತವೆ ಎಂದು ಅವರು ತೋರಿಸಿಕೊಟ್ಟರು. 1993ರಲ್ಲಿ ಬೆಕ್ ಮತ್ತು ಸಂಗಡಿಗರು ಇದೇ ವಿಧಾನವನ್ನು ವ್ಯಸನಗಳಿಗೂ ಅನ್ವಯಿಸಿ ಗ್ರಂಥ ಪ್ರಕಟಿಸಿದರು. 2021ರಲ್ಲಿ, ನೂರು ವರ್ಷ ತುಂಬಿದ ಮೇಲೆ, ಬೆಕ್ ತೀರಿಕೊಂಡರು.

ಇದನ್ನು ನಮ್ಮ ಊರಿನ ಉದಾಹರಣೆಯಲ್ಲಿ ನೋಡೋಣ. 38 ವರ್ಷದ ಒಬ್ಬ ಪಾವರ್‌ಲೂಮ್ ನೇಕಾರನನ್ನು ಕಲ್ಪಿಸಿಕೊಳ್ಳಿ. ಇಲ್ಲಿ ಹೇಳುತ್ತಿರುವುದು ಯಾವ ಒಬ್ಬನ ಕಥೆಯೂ ಅಲ್ಲ. ಇಂಥವರನ್ನು ಬನಹಟ್ಟಿ, ರಬಕವಿಯ ಓಣಿಗಳಲ್ಲಿ ನೀವೂ ನೋಡಿರುತ್ತೀರಿ. ವಾರದ ಬಟವಡೆ ಆಗಿದೆ. ಮಾಲೀಕರು ಮುಂಗಡದ ಬಾಕಿ ಮುರಿದುಕೊಂಡು ಉಳಿದ ಹಣ ಕೈಗಿತ್ತಿದ್ದಾರೆ. ಎಣಿಸಿ ನೋಡಿದರೆ ಮನೆಗೆ ಸಾಲದು. "ಎಷ್ಟ ದುಡದ್ರೂ ಇಷ್ಟ. ನನ್ನ ಹಣೇಬಾರನ ಹಿಂಗ" ಎಂಬ ಮಾತು ಮನಸ್ಸಿನಲ್ಲಿ ಬರುತ್ತದೆ. ಎದೆ ಭಾರವಾಗುತ್ತದೆ. ಅಷ್ಟರಲ್ಲಿ ಜತೆಗಾರರು ಕರೆಯುತ್ತಾರೆ. "ವಾರೆಲ್ಲಾ ದುಡದೇನಿ, ಇವತ್ತೊಂದಿನ ಕುಡದರ ಏನ ತಪ್ಪ?" ಎಂಬ ಎರಡನೆಯ ಮಾತು ಬರುತ್ತದೆ. ನಮ್ಮ ಕಡೆ ತಲಬು ಎನ್ನುತ್ತೇವಲ್ಲ, ಅದು ಏರುತ್ತದೆ. ಕುಡಿಯುತ್ತಾನೆ. ರಾತ್ರಿ ಮನೆಯಲ್ಲಿ ಜಗಳ. ಬೆಳಿಗ್ಗೆ ಹಣವೂ ಇಲ್ಲ, ಮುಖ ತೋರಿಸಲೂ ನಾಚಿಕೆ. "ನಾ ಇದ್ದೂ ಪ್ರಯೋಜನ ಇಲ್ಲ" ಎಂಬ ಮೂರನೆಯ ಮಾತು ಬರುತ್ತದೆ.

ಇಲ್ಲಿ ಒಂದು ಸರಪಳಿ ಇದೆ: ಪ್ರಸಂಗ, ಯೋಚನೆ, ಭಾವನೆ, ತಲಬು, ಕುಡಿತ, ಪರಿಣಾಮ. ಆ ಪರಿಣಾಮವೇ ಮುಂದಿನ ಪ್ರಸಂಗ. ಕುಡಿತವೂ ಖಿನ್ನತೆಯೂ ಇದೇ ಸರಪಳಿಯ ಕೊಂಡಿಗಳು. ಈ ಸರಪಳಿಯನ್ನು ಗುರುತಿಸಲು, ಸಾಧ್ಯವಿದ್ದಲ್ಲಿ ಒಂದು ಕೊಂಡಿ ಕಳಚಲು ರೋಗಿಗೆ ಕಲಿಸುವುದೇ ಸಿ.ಬಿ.ಟಿ. ಇದರಲ್ಲಿ ಉಪದೇಶ, ಬೈಗುಳ, ಹೆದರಿಕೆಗೆ ಜಾಗವಿಲ್ಲ. ಸಾಮಾನ್ಯವಾಗಿ ವಾರಕ್ಕೊಮ್ಮೆ ಮುಕ್ಕಾಲು ಗಂಟೆಯಿಂದ ಒಂದು ಗಂಟೆ, ಹೀಗೆ ಹನ್ನೆರಡರಿಂದ ಹದಿನಾರು ಭೇಟಿಗಳು. ಪ್ರತಿ ಭೇಟಿಯ ನಂತರ ಮನೆಯಲ್ಲಿ ಮಾಡಬೇಕಾದ ಅಭ್ಯಾಸ ಇರುತ್ತದೆ.

ಕಲಿಸುವುದೇನು?

ದಿನಚರಿ ಬರೆಯುವುದು: ತಲಬು ಬಂದ ಹೊತ್ತು, ಜಾಗ, ಜತೆಗಿದ್ದವರು, ಮನಸ್ಸಿನಲ್ಲಿ ಬಂದ ಮಾತು, ಆಮೇಲೆ ಮಾಡಿದ್ದೇನು, ಇವನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆಯಬೇಕು. ಓದುಬರಹ ಬಾರದಿದ್ದರೆ ಮಕ್ಕಳಿಂದ ಬರೆಸಬಹುದು, ಕ್ಯಾಲೆಂಡರಿನ ಮೇಲೆ ಗೀಟು ಎಳೆದರೂ ನಡೆಯುತ್ತದೆ. ಎರಡು ವಾರ ಬರೆದರೆ ಯಾವ ದಿನ, ಯಾವ ಹಾದಿ, ಯಾವ ಸಂಗ ಅಪಾಯಕಾರಿ ಎಂಬುದು ಕಣ್ಣಿಗೆ ಕಾಣುತ್ತದೆ. ಬಟವಡೆಯ ದಿನ ಹೆಂಡತಿಯನ್ನೋ ಅಣ್ಣನನ್ನೋ ಜತೆಗೆ ಕರೆದೊಯ್ಯುವುದು, ಹಣವನ್ನು ಅವರ ಕೈಗೆ ಕೊಡುವುದು, ಬೇರೆ ಹಾದಿಯಿಂದ ಮನೆಗೆ ಬರುವುದು ಇಂಥ ಏರ್ಪಾಡುಗಳನ್ನು ಮೊದಲೇ ಮಾಡಿಕೊಳ್ಳಬಹುದು.

ಯೋಚನೆಯನ್ನು ಒರೆಗೆ ಹಚ್ಚುವುದು: "ನನ್ನ ಕೈಲೆ ಏನೂ ಆಗೂದಿಲ್ಲ" ಎಂಬ ಮಾತಿಗೆ ಪುರಾವೆ ಏನು? ವಾರವಿಡೀ ಮಗ್ಗ ನಡೆಸಿದವರು ಯಾರು? ಮಗಳ ಶಾಲೆ ಫೀ ಕಟ್ಟಿದವರು ಯಾರು? ಹೀಗೆ ಕೇಳಿಕೊಂಡಾಗ "ಕೆಲವು ಆಗಿವೆ, ಕೆಲವು ಆಗಿಲ್ಲ" ಎಂಬ ನಿಜವಾದ ಉತ್ತರ ಸಿಗುತ್ತದೆ. ಸುಳ್ಳು ಧೈರ್ಯ ಹೇಳಿಕೊಳ್ಳಬೇಕಿಲ್ಲ. ಇದ್ದದ್ದನ್ನು ಇದ್ದ ಹಾಗೆ ನೋಡಿದರೆ ಸಾಕು.

ತಲಬನ್ನು ದಾಟುವುದು: ತಲಬು ಏರುತ್ತದೆ, ತುದಿ ಮುಟ್ಟುತ್ತದೆ, ಇಳಿಯುತ್ತದೆ. ಸಾಮಾನ್ಯವಾಗಿ ಕಾಲು ಗಂಟೆಯಿಂದ ಅರ್ಧ ಗಂಟೆ ತಾಳಿದರೆ ಅದರ ಬಿರುಸು ತಗ್ಗುತ್ತದೆ. ಆ ಹೊತ್ತಿನಲ್ಲಿ ಜಾಗ ಬದಲಿಸಿ, ಯಾರೊಂದಿಗಾದರೂ ಮಾತನಾಡಿ, ಊಟ ಮಾಡಿ, ನೀರು ಕುಡಿಯಿರಿ. ಹಸಿವು, ಸಿಟ್ಟು, ಒಂಟಿತನ, ದಣಿವು ಈ ನಾಲ್ಕೂ ತಲಬನ್ನು ಹೆಚ್ಚಿಸುತ್ತವೆ. ಸಂಜೆ ಪಾಳಿ ಮುಗಿದ ಕೂಡಲೇ ಎರಡು ರೊಟ್ಟಿ ತಿನ್ನುವುದೂ ಚಿಕಿತ್ಸೆಯೇ.

ಒಲ್ಲೆನೆನ್ನಲು ಕಲಿಯುವುದು: "ಒಂದ ಪೆಗ್ಗಿಗೆ ಏನ ಆಗತೈತಲೇ, ಬಾ" ಎಂದಾಗ ಏನು ಹೇಳಬೇಕೆಂಬುದನ್ನು ಸಲಹೆಗಾರರ ಮುಂದೆ ನಾಟಕದಂತೆ ಅಭ್ಯಾಸ ಮಾಡಿಸುತ್ತಾರೆ. "ಇಲ್ಲಪಾ, ದವಾಖಾನಿ ಗುಳಿಗಿ ನಡದಾವ, ನಾ ಒಲ್ಲೆ" ಎಂದು ಚಿಕ್ಕದಾಗಿ ಹೇಳಿ ಅಲ್ಲಿಂದ ಹೊರಡಬೇಕು. ಕಾರಣ ವಿವರಿಸುತ್ತ ನಿಂತರೆ ಸೋಲು ಖಚಿತ.

ಖಿನ್ನತೆಯನ್ನು ಕೆಲಸದಿಂದ ಎದುರಿಸುವುದು: ಮನಸ್ಸು ಬಂದ ಮೇಲೆ ಕೆಲಸ ಮಾಡುತ್ತೇನೆ ಎಂದು ಖಿನ್ನರು ಕಾಯುತ್ತಾರೆ. ಆದರೆ ಸಣ್ಣ ಕೆಲಸ ಶುರು ಮಾಡಿದರೆ ಮನಸ್ಸು ನಿಧಾನವಾಗಿ ಹಿಂದೆ ಬರುತ್ತದೆ. ಬೆಳಿಗ್ಗೆ ಅರ್ಧ ಗಂಟೆ ನಡಿಗೆ, ಮಗನ ಲೆಕ್ಕ ನೋಡುವುದು, ಬಿಟ್ಟಿದ್ದ ಭಜನಾ ಮೇಳಕ್ಕೆ ಮತ್ತೆ ಹೋಗುವುದು, ಹೀಗೆ ದಿನಕ್ಕೆ ಒಂದೆರಡು ಕೆಲಸ ಗೊತ್ತು ಮಾಡಿ ಮಾಡಬೇಕು. ಕುಡಿತ ಬಿಟ್ಟಾಗ ಸಂಜೆಯ ಮೂರು ಗಂಟೆ ಖಾಲಿ ಉಳಿಯುತ್ತದೆ. ಅದನ್ನು ತುಂಬದಿದ್ದರೆ ಕುಡಿತವೇ ಬಂದು ತುಂಬುತ್ತದೆ.

ಸಮಸ್ಯೆ ಬಿಡಿಸುವುದು: ಸಾಲ, ಬಾಕಿ, ನಿಂತುಹೋದ ಕೆಲಸ ಇವೆಲ್ಲ ನಿಜವಾದ ಕಷ್ಟಗಳು. ಯೋಚನೆ ತಿದ್ದಿಕೊಂಡ ಮಾತ್ರಕ್ಕೆ ಸಾಲ ತೀರುವುದಿಲ್ಲ, ಮನೋಚಿಕಿತ್ಸೆಯ ಹೆಸರಿನಲ್ಲಿ ಹಾಗೆ ಹೇಳುವುದೂ ತಪ್ಪು. ಯಾರಿಗೆ ಎಷ್ಟು ಕೊಡಬೇಕೆಂದು ಬರೆದು, ಯಾವುದು ಮೊದಲು, ಯಾರ ಹತ್ತಿರ ಗಡುವು ಕೇಳಬಹುದು ಎಂದು ಒಂದೊಂದಾಗಿ ಬಿಡಿಸಿಕೊಳ್ಳಲು ಕಲಿಸುತ್ತಾರೆ. ಮಂಜು ಕವಿದ ತಲೆಯಿಂದ ಈ ಲೆಕ್ಕ ಆಗುವುದಿಲ್ಲ.

ಜಾರಿದರೆ ಎದ್ದು ನಿಲ್ಲುವುದು: ಅಮೆರಿಕದ ಸಿಯಾಟಲ್‌ನ ಮನಶ್ಶಾಸ್ತ್ರಜ್ಞ ಅಲನ್ ಮಾರ್ಲಟ್ ವ್ಯಸನ ಮರುಕಳಿಸುವುದರ ಬಗ್ಗೆ ಬಹಳ ವರ್ಷ ಅಧ್ಯಯನ ಮಾಡಿದವರು. ಒಂದು ದಿನ ಜಾರಿ ಕುಡಿಯುವುದು ಬೇರೆ, ಹಳೆಯ ಚಟಕ್ಕೆ ಪೂರ್ತಿ ಮರಳುವುದು ಬೇರೆ ಎಂದು ಅವರು ಹೇಳಿದರು. ಮೊದಲನೆಯದು ಎರಡನೆಯದಾಗಲು "ಎಲ್ಲಾ ಹಾಳಾತು" ಎಂಬ ಯೋಚನೆಯೇ ದಾರಿ ಮಾಡಿಕೊಡುತ್ತದೆ. ಮಗ್ಗದ ಮೇಲೆ ಎಳೆ ಹರಿದರೆ ನೇಕಾರರು ಸೀರೆಯನ್ನೇ ಕಿತ್ತೆಸೆಯುವುದಿಲ್ಲ. ಮಗ್ಗ ನಿಲ್ಲಿಸಿ, ಎಳೆ ಹುಡುಕಿ, ಗಂಟು ಹಾಕಿ ಮುಂದೆ ನೇಯುತ್ತಾರೆ. ಜಾರಿದ ದಿನವೂ ಹಾಗೆಯೇ: ನಿಲ್ಲಿಸಿ, ಎಲ್ಲಿ ಜಾರಿತೆಂದು ನೋಡಿ, ಮರುದಿನವೇ ವೈದ್ಯರ ಬಳಿ ಬನ್ನಿ.

ಎಲ್ಲರಿಗೂ ಒಂದೇ ಚಿಕಿತ್ಸೆಯಲ್ಲ

ಖಿನ್ನತೆ ತೀವ್ರವಾಗಿದ್ದರೆ ಮಾತ್ರೆಗಳೂ ಬೇಕು. ಉನ್ಮಾದ ಮತ್ತು ಖಿನ್ನತೆ ಒಂದರ ಹಿಂದೊಂದು ಬರುವ ಕಾಯಿಲೆ, ಕಿವಿಯಲ್ಲಿ ಇಲ್ಲದ ಧ್ವನಿ ಕೇಳುವ, ವಿನಾಕಾರಣ ಸಂಶಯ ಪಡುವ ಚಿತ್ತವಿಕಲತೆ ಇವುಗಳಲ್ಲಿ ಔಷಧಿಯೇ ಮುಖ್ಯ, ಸಿ.ಬಿ.ಟಿ. ಅದಕ್ಕೆ ಬೆಂಬಲ. ಗಾಂಜಾ ಸೇದುವ ಹುಡುಗರಲ್ಲಿ ಇಂಥ ಲಕ್ಷಣ ಕಂಡರೆ ತಡಮಾಡದೆ ಮನೋವೈದ್ಯರಿಗೆ ತೋರಿಸಿ. ವೈದ್ಯರ ಚೀಟಿ ಇಲ್ಲದೆ ನಿದ್ದೆ ಮಾತ್ರೆ ನುಂಗುವವರು ಅದನ್ನು ಕುಡಿತದ ಜತೆ ಬೆರೆಸಿದರೆ ಉಸಿರಾಟವೇ ನಿಲ್ಲಬಹುದು. ಇನ್ನು "ಮೊದಲ ಚಟ ಬಿಟ್ಟ ಬಾ, ಆಮ್ಯಾಲ ಮನಸಿನ ಕಾಯಿಲೆ ನೋಡೂಣು" ಎಂದು ರೋಗಿಯನ್ನು ಒಂದು ಬಾಗಿಲಿನಿಂದ ಇನ್ನೊಂದು ಬಾಗಿಲಿಗೆ ಅಟ್ಟುವ ಕಾಲ ಹೋಗಬೇಕು. ಒಂದೇ ತಂಡ ಎರಡನ್ನೂ ನೋಡಿಕೊಂಡರೆ ಒಳ್ಳೆಯದು.

ಫಲ ಸಿಗುತ್ತದೆಯೇ?

ಪವಾಡ ನಿರೀಕ್ಷಿಸಬೇಡಿ. ಕುಡಿತ ಮತ್ತು ಖಿನ್ನತೆ ಎರಡೂ ಇದ್ದವರ ಮೇಲೆ ನಡೆದ 12 ಅಧ್ಯಯನಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆಯೊಂದು 2014ರಲ್ಲಿ ಪ್ರಕಟವಾಯಿತು. ಸಿ.ಬಿ.ಟಿ. ಮತ್ತು ಮನವೊಲಿಸುವ ಮಾತುಕತೆ ಎರಡನ್ನೂ ಸೇರಿಸಿ ಕೊಟ್ಟಾಗ ಎರಡೂ ಕಾಯಿಲೆಗಳಲ್ಲಿ ಸುಧಾರಣೆ ಕಂಡಿತು. ಸುಧಾರಣೆ ದೊಡ್ಡದಲ್ಲ, ಆದರೆ ಖಚಿತವಾದದ್ದು.

ನೆರೆಯ ಗೋವಾದಲ್ಲಿ ನಡೆದ ಅಧ್ಯಯನ ನಮಗೆ ಇನ್ನೂ ಹತ್ತಿರದ್ದು. ಸಂಗಾತ್ ಎಂಬ ಸಂಸ್ಥೆ ಅಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಬಂದ, ಕುಡಿತದಿಂದ ತೊಂದರೆಗೆ ಸಿಕ್ಕ ಪುರುಷರಿಗೆ ಮಾತಿನ ಚಿಕಿತ್ಸೆ ಕೊಡಿಸಿತು. ಕೊಟ್ಟವರು ವೈದ್ಯರಲ್ಲ, ತರಬೇತಿ ಪಡೆದ ಸ್ಥಳೀಯ ಸಾಮಾನ್ಯ ಜನ. ಭೇಟಿಗಳು ಹೆಚ್ಚೆಂದರೆ ನಾಲ್ಕು. 2017ರಲ್ಲಿ ಪ್ರಕಟವಾದ ಫಲಿತಾಂಶದಂತೆ ಮೂರು ತಿಂಗಳ ನಂತರ ಈ ಚಿಕಿತ್ಸೆ ಪಡೆದವರಲ್ಲಿ ಶೇ 36ರಷ್ಟು ಜನ ಸಮಸ್ಯೆಯ ಮಟ್ಟದಿಂದ ಹೊರಬಂದಿದ್ದರು. ಬರೀ ಮಾಮೂಲು ಆರೈಕೆ ಪಡೆದವರಲ್ಲಿ ಇದು ಶೇ 26. ಕುಡಿತಕ್ಕೆ ಪೂರ್ತಿ ದಾಸರಾದವರಿಗೆ ಇಷ್ಟೇ ಸಾಲದು, ನಿಜ. ಆದರೆ ಕುಡಿತ ಹಾನಿಯ ಮಟ್ಟ ಮುಟ್ಟಿದಾಗಲೇ ಹಿಡಿದರೆ, ದೊಡ್ಡ ಊರಿನ ತಜ್ಞರಿಗಾಗಿ ಕಾಯದೆ, ಹಳ್ಳಿಯ ಆರೋಗ್ಯ ಕೇಂದ್ರದಲ್ಲೂ ಸಹಾಯ ಸಾಧ್ಯ ಎಂದು ಇದರಿಂದ ಗೊತ್ತಾಯಿತು.

ಎಲ್ಲಿಗೆ ಹೋಗಬೇಕು?

ಮೊದಲು ನಿಮ್ಮ ಊರಿನ ವೈದ್ಯರಲ್ಲಿಗೆ. ಯಕೃತ್ತು, ರಕ್ತದೊತ್ತಡ, ಸಕ್ಕರೆ ಪರೀಕ್ಷೆ ಆಗಬೇಕು. ನಿಮ್ಹಾನ್ಸ್ 1980ರ ದಶಕದಲ್ಲಿ ನಮ್ಮದೇ ರಾಜ್ಯದ ಬಳ್ಳಾರಿ ಜಿಲ್ಲೆಯಲ್ಲಿ ರೂಪಿಸಿದ ಮಾದರಿಯ ಮೇಲೆ 1996ರಲ್ಲಿ ದೇಶದಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭವಾಯಿತು. ಬಾಗಲಕೋಟೆಯ ಜಿಲ್ಲಾ ಆಸ್ಪತ್ರೆಯಲ್ಲಿ, ಹತ್ತಿರದ ತಾಲ್ಲೂಕು ಆಸ್ಪತ್ರೆಯಲ್ಲಿ ಮನೋವೈದ್ಯರು ಯಾವ ದಿನ ಸಿಗುತ್ತಾರೆಂದು ವಿಚಾರಿಸಿ. ಹೆಚ್ಚಿನ ಚಿಕಿತ್ಸೆಗೆ ಧಾರವಾಡದ ಡಿಮ್ಹಾನ್ಸ್ ಮತ್ತು ಬೆಂಗಳೂರಿನ ನಿಮ್ಹಾನ್ಸ್ ಇವೆ. ಧಾರವಾಡಕ್ಕೆ ಹೋಗಿ ಬಂದರೆ ಒಂದು ದಿನದ ಕೂಲಿ ಹೋಗುತ್ತದೆ. ಆದ್ದರಿಂದ ಮುಂದಿನ ಭೇಟಿಗಳನ್ನು ಫೋನಿನಲ್ಲೋ ಊರ ಹತ್ತಿರವೋ ಮುಂದುವರಿಸಬಹುದೇ ಎಂದು ಮೊದಲ ದಿನವೇ ಕೇಳಿಕೊಳ್ಳಿ.

2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ-ಮಾನಸ್ ಸೇವೆಯ ಸಂಖ್ಯೆ 14416. ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕನ್ನಡದಲ್ಲೇ ಮಾತನಾಡಬಹುದು. ವ್ಯಸನಮುಕ್ತಿಗೆಂದೇ 14446 ಎಂಬ ಸಂಖ್ಯೆಯೂ ಇದೆ. 2017ರ ಮಾನಸಿಕ ಆರೋಗ್ಯ ಕಾಯ್ದೆ ಮದ್ಯ ಮತ್ತು ಮಾದಕ ವಸ್ತುಗಳಿಂದ ಬರುವ ಮನೋರೋಗಗಳನ್ನೂ ಮಾನಸಿಕ ಕಾಯಿಲೆಯೆಂದೇ ಪರಿಗಣಿಸುತ್ತದೆ. ಸರ್ಕಾರಿ ವ್ಯವಸ್ಥೆಯಲ್ಲಿ ಚಿಕಿತ್ಸೆ ಕೇಳುವುದು ನಿಮ್ಮ ಹಕ್ಕು.

ಮನೆಯವರಿಗೆ ಕಿವಿಮಾತು

ಅಮಲಿನಲ್ಲಿದ್ದಾಗ ವಾದ ಬೇಡ. ಬೆಳಿಗ್ಗೆ, ತಲೆ ತಿಳಿಯಾಗಿದ್ದಾಗ ಮಾತನಾಡಿ. ಕುಡಿಯದೆ ಬಂದ ದಿನವನ್ನು ಗುರುತಿಸಿ ಒಳ್ಳೆಯ ಮಾತಾಡಿ. ಹಳೆಯ ತಪ್ಪುಗಳ ಪಟ್ಟಿ ತೆಗೆಯಬೇಡಿ. ಆದರೆ ಕುಡಿತದಿಂದ ಆದ ಸಾಲ, ರಜೆ, ಜಗಳಗಳನ್ನು ಮುಚ್ಚಿಡಲು ನೀವು ಸುಳ್ಳು ಹೇಳಬೇಡಿ. ಹೊಡೆತ ಬಡಿತವನ್ನು ಸಹಿಸಬೇಕಿಲ್ಲ, ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡಿ. ಸಾಯುವ ಮಾತಾಡಿದರೆ "ಬರೀ ಕುಡದ ಮಾತ" ಎಂದು ತಳ್ಳಿಹಾಕದೆ, ಅವರನ್ನು ಒಂಟಿಯಾಗಿ ಬಿಡದೆ, ಹೊಲದ ಕೀಟನಾಶಕಗಳನ್ನು ಬೀಗದಲ್ಲಿಟ್ಟು, ಆಗಲೇ ಆಸ್ಪತ್ರೆಗೆ ಕರೆದೊಯ್ಯಿರಿ. ವರ್ಷಗಟ್ಟಲೆ ಇದನ್ನೆಲ್ಲ ಹೊತ್ತ ಹೆಂಡತಿ, ತಾಯಿಯರಲ್ಲೂ ಖಿನ್ನತೆ ಇರುತ್ತದೆ. ಅವರ ಮನಸ್ಸನ್ನು ಯಾರೂ ಕೇಳುವುದಿಲ್ಲ. ಚಿಕಿತ್ಸೆಗೆ ಜತೆಗೆ ಬಂದಾಗ ತಮ್ಮ ನಿದ್ದೆ, ಊಟ, ಅಳುವಿನ ಬಗ್ಗೆಯೂ ವೈದ್ಯರಿಗೆ ಹೇಳಿಕೊಳ್ಳಬೇಕು.

ಈ ವಾರ ನೀವು ಮಾಡಬಹುದಾದ ಕೆಲಸ ಎರಡೇ. ಮೇಲಿನ ಆರು ಪ್ರಶ್ನೆಗಳಿಗೆ ಪ್ರಾಮಾಣಿಕವಾಗಿ ಉತ್ತರಿಸಿಕೊಳ್ಳಿ. ಉತ್ತರ "ಹೌದು" ಎಂದು ಬಂದರೆ ಮುಂದಿನ ಬಟವಡೆಯ ದಿನ ಬರುವುದರೊಳಗೆ ಒಬ್ಬ ವೈದ್ಯರನ್ನು ಕಾಣಿರಿ, ಇಲ್ಲವೇ 14416ಕ್ಕೆ ಫೋನ್ ಮಾಡಿ. ಸಕ್ಕರೆ ಕಾಯಿಲೆಗೆ, ರಕ್ತದೊತ್ತಡಕ್ಕೆ ತೋರಿಸಲು ಯಾರೂ ನಾಚುವುದಿಲ್ಲ. ಇದಕ್ಕೂ ನಾಚಬೇಕಿಲ್ಲ.